ಹುಣಸೆಬೀಜ ಮತ್ತು ರಜೆಯ ಕೀಲಿಕೈ

೧೯೮೮ನೆಯ ಇಸವಿ, ಜುಲೈ ತಿಂಗಳ ಎರಡನೆಯ ಶನಿವಾರ, ಸಂಜೆ ಐದು ಗಂಟೆ. ಸ್ಥಳ, ಮಡಗಾಂವಿನ ಒಂದು ಕಾಲೇಜಿನ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಊಟದ ಹಾಲ್. ಹಾಜರಿದ್ದವರು: ಪ್ರಿನ್ಸಿಪಾಲ್ ಮಿಸ್ ಎಸ್ಮೆರಾಲ್ದಾ, ಸಿಸ್ಟರ್ಸ್ ಸರ್ಕಲ್‌ನ ಹನ್ನೆರಡು ಸದಸ್ಯೆಯರು, ವಾರ್ಡನ್ ಆಗಿದ್ದ ನಾನು. ಮೇಜಿನ ಮೇಲೆ ಒಂದು ಮಣ್ಣಿನ ಗಡಿಗೆ, ಒಂದು ತಟ್ಟೆ ಗೇರುಬೀಜ, ಒಂದು ತಟ್ಟೆ ಹುಣಸೆಬೀಜ. ಹೊರಗೆ ವರಾಂಡದ ಬೆಂಚಿನ ಮೇಲೆ ಇಬ್ಬರು ಹುಡುಗಿಯರು. ಒಬ್ಬಳು ಕೀನ್ಯಾ ದೇಶದಿಂದ ಓದಲು ಬಂದ ವಾಂಜಿಕು, ಇನ್ನೊಬ್ಬಳು ಕೆಪೆ ಊರಿನ ಗೌಂಡಿಯೊಬ್ಬರ ಮಗಳು ಝರೀನಾ. ನನ್ನ ಡ್ರಾವರಿನಲ್ಲಿ ವಾಂಜಿಕುವಿನ ಅರ್ಜಿ ಇತ್ತು. ಈ ಸಲವೂ ಗಡಿಗೆಯಲ್ಲಿ ಹುಣಸೆಬೀಜ ಬಿದ್ದರೆ ಸೋಮವಾರ ತನಗೆ ವರ್ಗಾವಣೆ ಪತ್ರ ಕೊಡಬೇಕು, ಕೊನೆಯ ವರ್ಷವನ್ನು ಇಲ್ಲಿ ಓದುವುದಿಲ್ಲ ಎಂದು ಅದರಲ್ಲಿ ಬರೆದಿದ್ದಳು.

ಹದಿನೈದು ವರ್ಷ ನಾನು ಆ ಹಾಸ್ಟೆಲ್ ನಡೆಸಿದೆ. ಈಗ ಈ ಕೆಲಸಕ್ಕೆ ಸೇರುವ ಹುಡುಗಿಯರು ನನ್ನ ಬಳಿ ಬಂದು, ಕೆಲಸ ಹೇಗಿರುತ್ತದೆ ಎಂದು ಕೇಳುತ್ತಾರೆ. ಬಡ್ತಿ ಯಾವಾಗ ಸಿಕ್ಕಿತು, ಯಾರು ಹಾರ ಹಾಕಿದರು ಎಂಬುದೆಲ್ಲ ಕಡತದಲ್ಲಿದೆ, ಅಲ್ಲೇ ಇರಲಿ. ಆ ಶನಿವಾರ ಆದದ್ದನ್ನು ಹೇಳಿದರೆ ಕೆಲಸ ಹೇಗಿರುತ್ತದೆ ಎಂದು ತಿಳಿಯುತ್ತದೆ. ಅದಕ್ಕೆ ಮೊದಲು ನನ್ನ ಎರಡು ತಪ್ಪುಗಳನ್ನು ಹೇಳಬೇಕು.

ನಾನು ಧಾರವಾಡದ ಒಂದು ಶಾಲೆಯ ಹಾಸ್ಟೆಲ್ಲಿನಲ್ಲಿ ಗಂಟೆಯ ಲೆಕ್ಕದಲ್ಲಿ ಬೆಳೆದವಳು. ಐದಕ್ಕೆ ಏಳುವುದು, ಐದೂಕಾಲಿಗೆ ಹಾಸಿಗೆ ಮಡಿಸುವುದು, ಮಡಿಸಿದ ಹೊದಿಕೆಯ ಅಂಚು ಕಿಟಕಿಯ ಕಡೆಗೇ ಇರಬೇಕು. ಯಜಮಾನರಿಗೆ ವಾಸ್ಕೊ ಬಂದರಿನಲ್ಲಿ ಕೆಲಸ ಸಿಕ್ಕಾಗ ನಾನೂ ಗೋವೆಗೆ ಬಂದೆ. ೧೯೮೨ರಲ್ಲಿ ಈ ಹಾಸ್ಟೆಲ್ ನನ್ನ ಕೈಗೆ ಬಂತು. ಅರವತ್ತು ಹುಡುಗಿಯರು, ಎರಡು ಬ್ಲಾಕು. ಮುಂದಿನ ಬ್ಲಾಕಿಗೆ ದೊಡ್ಡ ಕಿಟಕಿಗಳು, ರಸ್ತೆಯ ಕಡೆ ವರಾಂಡ. ಹಿಂದಿನ ಬ್ಲಾಕು ನೀರಿನ ಟಾಕಿಯ ಕೆಳಗೆ. ಅಲ್ಲಿ ಮಳೆಗಾಲದಲ್ಲಿ ಗೋಡೆ ಬೆವರುತ್ತಿತ್ತು, ಬೇಸಿಗೆಯಲ್ಲಿ ಟಾಕಿ ತುಂಬಿ ಹರಿಯುವ ಸದ್ದು.

ನಾನು ಬಂದಾಗ ಕೋಣೆ ಹಂಚಿಕೆಗೆ ಯಾವ ಕ್ರಮವೂ ಇರಲಿಲ್ಲ. ಎರಡು ದಿನ ಕುಳಿತು ಎಲ್ಲರ ವಿಳಾಸಗಳನ್ನೂ ವಿಂಗಡಿಸಿದೆ. ಗೋವೆಯ ವಿಳಾಸ ಇದ್ದವರಿಗೆ ಮುಂದಿನ ಬ್ಲಾಕು, ಹೊರಗಿನವರಿಗೆ ಹಿಂದಿನದು. ತಮ್ಮ ತಮ್ಮ ಕಡೆಯವರ ಜೊತೆ ಇದ್ದರೆ ಹುಡುಗಿಯರಿಗೆ ಸಂತೋಷ, ನನಗೂ ಹಾಜರಿ ಸುಲಭ ಎಂದುಕೊಂಡೆ. ಬಣ್ಣದ ಪೆನ್ಸಿಲ್ಲಿನಲ್ಲಿ ಚಾರ್ಟು ಬರೆದು ಕಚೇರಿಯ ಗೋಡೆಗೆ ಹಾಕಿದೆ. ಬಂದವರೆಲ್ಲ ಹೊಗಳಿದರು. ನಾಲ್ಕು ವರ್ಷ ಅದೇ ನಡೆಯಿತು.

೧೯೮೬ರಲ್ಲಿ ಮಿಸ್ ಎಸ್ಮೆರಾಲ್ದಾ ಪ್ರಿನ್ಸಿಪಾಲರಾಗಿ ಬಂದರು. ಕುಳ್ಳಗೆ, ದಪ್ಪ ಕನ್ನಡಕ, ನಡೆದರೆ ಚಪ್ಪಲಿಯ ಸದ್ದೇ ಇಲ್ಲ. ಚಾರ್ಟಿನ ಮುಂದೆ ನಿಂತು ಬಹಳ ಹೊತ್ತು ನೋಡಿದರು.

"ಬಾಯ್, ಇದು ಹಾಸ್ಟೆಲ್ಲೋ ಪೋಸ್ಟ್ ಆಫೀಸೋ?" ಎಂದರು. ಗೋವೆಯಲ್ಲಿ ಹೆಂಗಸರನ್ನು ಬಾಯ್ ಎಂದೇ ಕರೆಯುವುದು.

"ಯಾಕೆ ಮಿಸ್?"

"ಅಂಚೆಯವರು ಕಾಗದಗಳನ್ನು ವಿಂಗಡಿಸುವುದು ಬೇರೆ ಬೇರೆ ಊರಿಗೆ ಕಳಿಸಲಿಕ್ಕೆ. ನೀವು ಇವರನ್ನು ಎಲ್ಲಿಗೆ ಕಳಿಸುತ್ತೀರಿ?"

ನನಗೆ ಸಿಟ್ಟು ಬಂತು. ಮೂರು ದಿನ ಚಾರ್ಟು ಮುಟ್ಟಲಿಲ್ಲ. ನಾಲ್ಕನೆಯ ದಿನ ಹಿಂದಿನ ಬ್ಲಾಕಿನ ಹಾಜರಿ ತೆಗೆದುಕೊಳ್ಳುವಾಗ ಊರುಗಳ ಹೆಸರುಗಳನ್ನು ಮೊದಲ ಸಲ ಒಟ್ಟಿಗೆ ಕೇಳಿಸಿಕೊಂಡೆ. ವಿಜಾಪುರ, ಸಿಂದಗಿ, ಇಂಫಾಲ, ನೈರೋಬಿ. ನಮ್ಮ ಕಡೆಯ ರೇಣುಕಾ ಎಂಬ ಹುಡುಗಿ ಕೋಲ್ವಾ ಬೀಚಿನ ಮಗ್ಗುಲಲ್ಲೇ ಬೆಳೆದವಳು, ನನಗಿಂತ ಚೆನ್ನಾಗಿ ಕೊಂಕಣಿ ಮಾತಾಡುವವಳು. ರೇಷನ್ ಕಾರ್ಡು ಸಿಂದಗಿಯದೆಂದು ನಾನು ಅವಳನ್ನು ಟಾಕಿಯ ಕೆಳಗೆ ಹಾಕಿದ್ದೆ. ಬೀದಿಯಲ್ಲಿ ನಮ್ಮವರನ್ನು ಘಟ್ಟದ ಮೇಲಿನವರೆಂದು ಹಂಗಿಸಿ ಘಾಟಿ ಎಂದು ಕರೆದರೆ ಉರಿದು ಬೀಳುತ್ತಿದ್ದವಳು ನಾನು. ಅದೇ ಮಾತನ್ನು ನಾನು ಬಣ್ಣದ ಪೆನ್ಸಿಲ್ಲಿನಲ್ಲಿ ಬರೆದಿದ್ದೆ. ಅಂದೇ ಚೀಟಿ ಎತ್ತಿಸಿದೆ. ಅಂದಿನಿಂದ ನಾನು ಬಿಡುವ ತನಕ ಪ್ರತಿ ಜೂನ್ ತಿಂಗಳಲ್ಲಿ ಕೋಣೆಗಳು ಚೀಟಿಯಲ್ಲೇ ಬಂದವು. ಇದು ನನ್ನ ಮೊದಲನೆಯ ತಪ್ಪು, ಮೊದಲನೆಯ ತಿದ್ದುಪಡಿ.

ಚೀಟಿಯಲ್ಲಿ ರೇಣುಕಾಗೆ ಲೂರ್ಡಿಸ್ ಎಂಬ ಸಮಾಧಾನದ ಹುಡುಗಿ ಜೊತೆಯಾದಳು. ವಾಂಜಿಕುವಿಗೆ ಸಿಕ್ಕವಳು ಇವೆಟ್. ಲೂರ್ಡಿಸ್, ಇವೆಟ್ ಇಬ್ಬರೂ ಮಡಗಾಂವಿನ ಸುತ್ತಲಿನವರು, ಹನ್ನೊಂದನೆಯ ತರಗತಿಯಿಂದ ನಮ್ಮಲ್ಲೇ ಇದ್ದವರು. ಇವೆಟ್‌ಗೆ ನಾಲಿಗೆ ಉದ್ದ. ಮೊದಲ ವಾರವೇ ಕಚೇರಿಗೆ ಬಂದಳು.

"ಮೇಡಂ, ಅವಳು ಭಾನುವಾರ ಪೂರ್ತಿ ಕೂದಲು ಹೆಣೆಯುತ್ತಾಳೆ. ಕನ್ನಡಿ ನನಗೆ ಸಿಗುವುದೇ ಇಲ್ಲ."

"ಇನ್ನೊಂದು ಕನ್ನಡಿ ಹಾಕಿಸಲಾ?"

"ಬೇಡ. ನನಗೂ ಹೆಣೆಯಲು ಹೇಳಿ."

ಮುಂದಿನ ಭಾನುವಾರ ಇವೆಟ್ ತಲೆತುಂಬ ಸಣ್ಣ ಜಡೆಗಳೊಂದಿಗೆ ಚರ್ಚಿಗೆ ಹೋದಳು. ಅವಳ ತಾಯಿ ನನಗೆ ಎರಡು ಪುಟದ ಪತ್ರ ಬರೆದರು.

ವಾಂಜಿಕು ನನ್ನ ವೇಳಾಪಟ್ಟಿಯನ್ನು ಪೂರ್ತಿ ಪಾಲಿಸಿದ ಒಬ್ಬಳೇ ಹುಡುಗಿ. ಗಂಟೆ ಹೊಡೆಯುವ ಮೊದಲೇ ಬಾಗಿಲಲ್ಲಿ ನಿಂತಿರುತ್ತಿದ್ದಳು. ಅಡುಗೆ ಮಾಡುವ ಹುನಗುಂದದ ಕಾಶವ್ವನ ಹತ್ತಿರ ಕನ್ನಡವನ್ನೂ ಕಲಿತಳು. ಆರು ತಿಂಗಳಲ್ಲಿ ಕಿಟಕಿಯಿಂದ ಕೈ ಚಾಚಿ, "ಕಾಶಕ್ಕ, ಚಾ ಕೊಡ್ರಿ, ಸಕ್ರಿ ಭಾಳ ಬ್ಯಾಡ" ಎನ್ನುತ್ತಿದ್ದಳು. ಕಾಶವ್ವ ಬಂದವರಿಗೆಲ್ಲ, "ನಮ್ಮ ವಾಂಜಿ ಹುನಗುಂದದಾಕಿ ಆಗ್ಯಾಳ ನೋಡ್ರಿ" ಎಂದು ಹೇಳುವಳು.

ಇನ್ನು ಸರ್ಕಲ್ ವಿಷಯ. ಕಟ್ಟಡ ಕಟ್ಟಿಸಿಕೊಟ್ಟ ಹಳೆಯ ವಿದ್ಯಾರ್ಥಿನಿಯರು ಮಾಡಿದ್ದ ಕೂಟ ಅದು. ಸದಸ್ಯೆಯರು ಒಬ್ಬರಿಗೊಬ್ಬರು ಅಕ್ಕತಂಗಿಯರು ಎಂಬ ಲೆಕ್ಕ. ನೀಲಿ ರಿಬ್ಬನ್ನು, ಊಟದ ಹಾಲ್‌ನಲ್ಲಿ ಉದ್ದ ಮೇಜು. ಇದೆಲ್ಲ ಇಲ್ಲದೆ ಯಾರ ಓದೂ ನಿಲ್ಲುವುದಿಲ್ಲ. ಆದರೆ ಇನ್ನೊಂದು ಹಕ್ಕು ಅವರಿಗೆ ಮಾತ್ರ ಇತ್ತು. ದೀಪಾವಳಿ ಮತ್ತು ಮೇ ರಜೆಯಲ್ಲಿ ಹಾಸ್ಟೆಲ್ ಮುಚ್ಚುತ್ತಿತ್ತು. ಆಗ ಉಳಿದುಕೊಳ್ಳಬಹುದಾದವರು ಸರ್ಕಲ್‌ನವರು ಮಾತ್ರ. ಮುಂಬಾಗಿಲಿಗೆ ಎರಡು ಬೀಗ, ಇಬ್ಬರು ಸದಸ್ಯೆಯರ ಹತ್ತಿರ ಒಂದೊಂದು ಕೀಲಿಕೈ. ಇಬ್ಬರೂ ಬಂದು ನಿಂತರೆ ಮಾತ್ರ ಬಾಗಿಲು ತೆರೆಯುವುದು. ಮಡಗಾಂವಿನ ಹುಡುಗಿಗೆ ಈ ಹಕ್ಕು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಸಮುದ್ರದಾಚೆ ಮನೆಯಿರುವವಳಿಗೆ ಅದು ತಲೆಯ ಮೇಲಿನ ಸೂರು. ದಾನಿಗಳ ಷರತ್ತು ಎಂದು ಆಡಳಿತ ಮಂಡಳಿ ಈ ನಿಯಮವನ್ನು ಮುಟ್ಟಲು ಒಪ್ಪುತ್ತಿರಲಿಲ್ಲ.

ಸರ್ಕಲ್ ಸೇರಲು ಒಂದು ವರ್ಷ ಹಾಸ್ಟೆಲ್ಲಿನಲ್ಲಿ ಇದ್ದಿರಬೇಕು. ಆಮೇಲೆ ಗಡಿಗೆ. ಪ್ರತಿ ಸದಸ್ಯೆಯೂ ಒಂದು ಗೇರುಬೀಜ, ಒಂದು ಹುಣಸೆಬೀಜ ತೆಗೆದುಕೊಂಡು, ಬಟ್ಟೆ ಮುಚ್ಚಿದ ಗಡಿಗೆಯೊಳಗೆ ಕೈ ಹಾಕಿ ಒಂದನ್ನು ಬಿಡಬೇಕು, ಇನ್ನೊಂದನ್ನು ಪಕ್ಕದ ಚೀಲದಲ್ಲಿ ಹಾಕಬೇಕು. ಗೇರು ಎಂದರೆ ಬರಲಿ, ಹುಣಸೆ ಎಂದರೆ ಬೇಡ. ಸದ್ದಿನಿಂದ ಗುರುತು ಸಿಗಬಾರದೆಂದು ಗಡಿಗೆಯ ತಳಕ್ಕೆ ತೆಂಗಿನ ನಾರು. ಒಂದೇ ಒಂದು ಹುಣಸೆಬೀಜ ಇದ್ದರೂ ಹುಡುಗಿ ಹೊರಗೆ. ಯಾರು ಹಾಕಿದರು, ಯಾಕೆ ಎಂದು ಕೇಳುವ ಹಾಗಿಲ್ಲ. ಒಳಗೆ ಬಂದ ಹುಡುಗಿ ಆ ಕ್ಷಣದಿಂದಲೇ ಸದಸ್ಯೆ. ಮುಂದಿನ ಹೆಸರಿಗೆ ಅವಳೂ ಬೀಜ ಹಾಕಬೇಕು.

ವಾಂಜಿಕು ಬಂದ ಮೊದಲನೆಯ ದೀಪಾವಳಿಗೆ ಅವಳ ಜೊತೆ ನಾನೇ ಬಾಡಿಗೆಯ ಖೋಲಿ ಹುಡುಕಲು ಹೊರಟೆ. ಭಾನುವಾರ ಮಧ್ಯಾಹ್ನ, ಮೂರು ಮನೆ. ಮೊದಲನೆಯ ಮನೆಯವರು ನನ್ನನ್ನು ನೋಡಿ ಒಳಗೆ ಕರೆದರು, ಹಿಂದಿದ್ದ ಅವಳನ್ನು ನೋಡಿ ಖೋಲಿ ನಿನ್ನೆಯೇ ಹೋಯಿತು ಎಂದರು. ಎರಡನೆಯ ಕಡೆ ಮುದುಕರೊಬ್ಬರು ಕಿಟಕಿಯಿಂದಲೇ ಕೈಯಾಡಿಸಿದರು. ಒಳಗಿಂದ ಯಾರೋ "ಖಾಪ್ರಿ" ಎಂದದ್ದು ಕೇಳಿತು. ಕಪ್ಪು ಜನರನ್ನು ಬೈಯುವ ಆ ಮಾತಿನ ಅರ್ಥ ಅವಳಿಗೆ ಆಗಲೇ ಗೊತ್ತಿತ್ತು. ಮೂರನೆಯ ಮನೆಯವರು ನಮ್ಮ ಕಡೆಯವರೇ. ಆಕೆ ನನ್ನನ್ನು ಬದಿಗೆ ಕರೆದು, "ಬಾಯಾರ, ನೀವ ಹೇಳ್ರಿ, ಮಂದಿ ಏನಂತಾರ?" ಎಂದಳು.

ಹಿಂತಿರುಗುವಾಗ ವಾಂಜಿಕು ಹೇಳಿದಳು: "ಮೇಡಂ, ನನ್ನ ಕಾಲ್ಗುಣ ಬಹಳ ಒಳ್ಳೆಯದು. ನಾನು ಮೆಟ್ಟಿಲು ಹತ್ತಿದ ಕೂಡಲೇ ಎಲ್ಲರ ಖಾಲಿ ಖೋಲಿಯೂ ಭರ್ತಿಯಾಗುತ್ತದೆ."

ಆ ವರ್ಷದ ಎರಡು ರಜೆಗಳನ್ನೂ ಅವಳು ನನ್ನ ಕ್ವಾರ್ಟರ್ಸಿನಲ್ಲಿ ಕಳೆದಳು. ಯಾರೋ ದೂರು ಕೊಟ್ಟರು. ಇನ್ನು ಮುಂದೆ ಹಾಗೆ ಮಾಡಕೂಡದು ಎಂದು ಆಡಳಿತ ಮಂಡಳಿ ಲಿಖಿತ ಎಚ್ಚರಿಕೆ ಕೊಟ್ಟಿತು. ಹಾಗಾಗಿ ೧೯೮೭ರ ಜುಲೈನಲ್ಲಿ, ಇವೆಟ್‌ಳಂತೆ ಆಗಲೇ ಸರ್ಕಲ್‌ನಲ್ಲಿದ್ದ ಲೂರ್ಡಿಸ್ ಎರಡು ಹೆಸರು ಸೂಚಿಸಿದಳು: ರೇಣುಕಾ, ವಾಂಜಿಕು.

ಇಲ್ಲಿ ನನ್ನ ಎರಡನೆಯ ತಪ್ಪನ್ನು ಹೇಳಬೇಕು. ರೇಣುಕಾ ಸರ್ಕಲ್ ಸೇರಬೇಕೆಂದು ನನಗೆ ಬಹಳ ಆಸೆ ಇತ್ತು. ನಮ್ಮ ಕಡೆಯ ಹುಡುಗಿ, ಗಣಿತದಲ್ಲಿ ಚುರುಕು. ಅವಳ ತಾಯಿ ಗಂಗವ್ವ ಕೋಲ್ವಾದ ಮರಳಿನ ಮೇಲೆ ಮಣಿಸರ, ಕಸೂತಿ ಚೀಲ ಮಾರುತ್ತಿದ್ದರು. ಭಾನುವಾರ ಮಗಳನ್ನು ನೋಡಲು ಬಂದರೆ ಹೆಗಲ ಮೇಲೆ ಗಂಟು ಹಾಗೇ ಇರುತ್ತಿತ್ತು. ಉಳಿದ ತಾಯಂದಿರು ಕೂರುವ ಮುಂದಿನ ವರಾಂಡಕ್ಕೆ ನಾನು ಅವರನ್ನು ಕರೆಯಲಿಲ್ಲ, ಹಿಂದಿನ ಕಟ್ಟೆಯ ಮೇಲೆ ಕೂರಿಸಿದೆ. ಮಗಳ ಹೆಸರು ಗಡಿಗೆಗೆ ಹೋಗುವುದಿತ್ತಲ್ಲ.

"ಇಲ್ಲೇ ಚಲೋ ಐತ್ರಿ ಬಾಯಾರ, ಗಾಳಿ ಬರ್ತೈತಿ" ಎಂದರು ಗಂಗವ್ವ. ಟಾಕಿಯ ಕೆಳಗೆ ಎಂಥ ಗಾಳಿ.

ರೇಣುಕಾಗೂ ಹೇಳಿಕೊಟ್ಟೆ. "ಬೀಚಿನ ಮಾತು ಎತ್ತಬ್ಯಾಡ. ಮುಂದಿನ ಬ್ಲಾಕಿನವರಂಗ ಇರು. ಹಿಂದಿನವರ ಜೋಡಿ ಭಾಳ ಅಡ್ಡಾಡಬ್ಯಾಡ." ಅವಳು ತಲೆ ಆಡಿಸಿದಳು. ಒಳ್ಳೆಯದನ್ನೇ ಕಲಿಸುತ್ತಿದ್ದೇನೆ ಎಂದು ನಾನು ನಂಬಿದ್ದೆ.

ಇಂಗ್ಲಿಷ್ ಅಕ್ಷರಕ್ರಮದಲ್ಲಿ ರೇಣುಕಾ ಮೊದಲು. ಗಡಿಗೆ ಮಗುಚಿದಾಗ ಎಲ್ಲ ಗೇರು. ಬೀಚಿನಲ್ಲಿ ಮಾರುವವರ ಮನೆಯಿಂದ ಸರ್ಕಲ್ ಸೇರಿದ ಮೊದಲ ಹುಡುಗಿ. ಲೂರ್ಡಿಸ್ ರಿಬ್ಬನ್ನು ಕಟ್ಟಿದಳು. ರೇಣುಕಾ ಮೇಜಿನ ತುದಿಯ ಖುರ್ಚಿಯಲ್ಲಿ ಕುಳಿತಳು. ಮುಂದಿನ ಹೆಸರು ವಾಂಜಿಕು. ಗಡಿಗೆ ಒಂದು ಸುತ್ತು ಬಂತು, ನಾನು ಮಗುಚಿ ಎಣಿಸಿದೆ. ಹದಿಮೂರು ಗೇರು, ಒಂದು ಹುಣಸೆ.

ಎಲ್ಲರ ಕಣ್ಣೂ ಇವೆಟ್ ಕಡೆಗೆ ಹೋದವು. ಕನ್ನಡಿಯ ಜಗಳ ಎಲ್ಲರಿಗೂ ಗೊತ್ತಿತ್ತು. ಇವೆಟ್ ಮುಖ ಕೆಂಪಾಯಿತು. ಕೇಳುವ ಹಾಗಿಲ್ಲವಲ್ಲ. "ನಿಯಮದಂತೆ ನಡೆಯಿತು" ಎಂದು ದಾಖಲೆ ಪುಸ್ತಕದಲ್ಲಿ ಬರೆದು, ಹಾಳೆ ಒಣಗಿಸಿ, ಹೊರಗೆ ಹೋಗಿ ವಾಂಜಿಕುವಿಗೆ ಹೇಳಿದೆ.

"ಒಂದೇ ಬೀಜವಾ ಮೇಡಂ?"

"ಒಂದೇ."

"ಹಾಗಾದರೆ ಹದಿಮೂರು ಮಂದಿ ನನ್ನ ಕಡೆ" ಎಂದು ಎದ್ದು ಕೋಣೆಗೆ ಹೋದಳು. ಅಂದು ಊಟದ ಗಂಟೆಗೆ ಅವಳು ಬಾಗಿಲಲ್ಲಿ ನಿಂತಿರಲಿಲ್ಲ.

ಆ ವರ್ಷದ ರಜೆಗಳಲ್ಲಿ ಅವಳು ಪುಣೆಗೆ ಹೋದಳು. ಅಲ್ಲಿ ತನ್ನ ದೇಶದ ಎಂಟು ಹುಡುಗಿಯರ ಜೊತೆ ಒಂದೇ ಖೋಲಿ. ಮೇ ರಜೆಯಲ್ಲಿ ಟೈಫಾಯಿಡ್ ಬಂತು. ಜೂನ್ ಕೊನೆಗೆ ವಾಪಸ್ಸು ಬಂದಾಗ ಕಾಶವ್ವ ಅವಳ ಮಣಿಕಟ್ಟು ಹಿಡಿದು ನೋಡಿ ಒಳಗೆ ಹೋಗಿ ಎರಡು ಮೊಟ್ಟೆ ಒಡೆದಳು. ಲೂರ್ಡಿಸ್ ಮತ್ತೆ ಹೆಸರು ಸೂಚಿಸುತ್ತೇನೆ ಎಂದಾಗ ವಾಂಜಿಕು ಒಪ್ಪಿದಳು, ಅದೇ ದಿನ ನನ್ನ ಕೈಗೆ ಆ ಅರ್ಜಿಯನ್ನೂ ಕೊಟ್ಟಳು. "ಇನ್ನೊಂದು ಮೇ ತಿಂಗಳು ನನ್ನ ಕೈಲಾಗದು ಮೇಡಂ" ಎಂದಳು.

ಈಗ ಆ ಶನಿವಾರಕ್ಕೆ ಬರುತ್ತೇನೆ. ಬೆಳಿಗ್ಗೆ ಒಂಬತ್ತಕ್ಕೆ ಕೋಣೆಗಳ ತಪಾಸಣೆ ಮುಗಿಸಿ ಕಚೇರಿಗೆ ಬಂದರೆ ರೇಣುಕಾ ನಿಂತಿದ್ದಳು.

"ಬಾಯಾರ, ಹೋದ ವರ್ಷದ ಹುಣಸಿ ಬೀಜ ನಂದರಿ" ಎಂದಳು.

ಯಾಕೆ ಎಂದು ಕೇಳಿದೆ. ನಿಯಮದ ಪ್ರಕಾರ ಕೇಳಬಾರದಿತ್ತು.

"ಆಗಷ್ಟ ನನ್ನ ತೊಗೊಂಡಿದ್ರು. ಅದರ ಹಿಂದನ ಆಕೀ ಹೆಸರ ಬಂತು. ಇಬ್ಬರು ಹೊರಗಿನವರು ಒಂದ ದಿನ ಬಂದ್ರ, ಇದೇನು ಹಿಂದಿನ ಬ್ಲಾಕಿನ ಸರ್ಕಲ್ ಆತೇನು ಅಂತಿದ್ರು. ನಂದೂ ಕಿಮ್ಮತ್ತು ಹೋಗ್ತಿತ್ತು."

"ಹಂಗಂತ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ರಿ. ನೀವ ಹೇಳಿದ್ರಿ, ಮುಂದಿನ ಬ್ಲಾಕಿನವರಂಗ ಇರು ಅಂತ. ನಮ್ಮವ್ವನ್ನ ಎಲ್ಲಿ ಕೂಡಿಸ್ತಿದ್ರಿ, ಅದನ್ನೂ ನೋಡಿದ್ದೆ. ಹಂಗ ಇರಬೇಕು ಅನ್ಕೊಂಡೆ." "ಆಕಿ ಪುಣ್ಯಾದಾಗ ಜಡ್ಡಾಗಿ ಮಲಗಿದ್ಲಂತ. ನಾ ಇಲ್ಲಿ ಕೀಲಿಕೈ ಇಟ್ಕೊಂಡು ಖಾಲಿ ಹಾಸ್ಟೆಲಿನ್ಯಾಗ ಓದ್ಕೋಂತ ಕೂತಿದ್ದೆ" ಎಂದಳು.

ಅವಳು ಕಲಿತದ್ದು ನನ್ನಿಂದ. ಬೈಯಲು ನನಗೆ ಬಾಯಿ ಇರಲಿಲ್ಲ. "ಹುಣಸಿ ಬೀಜ ಹಾಕ್ಸಿದಾಕಿ ನಾನ" ಎಂದೆ. "ಸಂಜಿಕೆ ಏನ್ ಮಾಡ್ತಿ?"

"ನಿಂತು ಹೇಳ್ತೇನ್ರಿ."

"ರಿಬ್ಬನ್ನು ಹೋದೀತು."

"ಹೋಗ್ಲಿ ಬಿಡ್ರಿ."

ಮಿಸ್ ಎಸ್ಮೆರಾಲ್ದಾಗೆ ನಾನು ಮೊದಲೇ ತಿಳಿಸಲಿಲ್ಲ. ಆ ಮಾತು ಹೇಳಬೇಕಾದವಳು ರೇಣುಕಾ, ನಾನಲ್ಲ. ಸಂಜೆ ಐದಕ್ಕೆ ಹಾಲ್‌ನ ಬಾಗಿಲು ಹಾಕಿದೆ. ಮಳೆ ಜೋರಾಗಿತ್ತು. ಆ ವರ್ಷ ಲೂರ್ಡಿಸ್ ಸರ್ಕಲ್‌ನ ಮುಖ್ಯಸ್ಥೆ. ಅವಳು ಹೆಸರು ಓದುವ ಮೊದಲೇ ರೇಣುಕಾ ಎದ್ದು ನಿಂತಳು. ಬೆಳಿಗ್ಗೆ ನನಗೆ ಹೇಳಿದ್ದನ್ನೇ ಕೊಂಕಣಿಯಲ್ಲಿ ಹೇಳಿದಳು. ತಾಯಿ ಕೋಲ್ವಾದಲ್ಲಿ ಎಲ್ಲಿ ಕುಳಿತು ಏನು ಮಾರುತ್ತಾಳೆ ಎಂಬುದನ್ನೂ ಸೇರಿಸಿದಳು. ಅದನ್ನು ಯಾರೂ ಕೇಳಿರಲಿಲ್ಲ.

ಮೊದಲು ಬಾಯಿ ಬಿಟ್ಟವಳು ಇವೆಟ್.

"ಹಾಗಾದರೆ ನೀನು. ಒಂದು ವರ್ಷ ನನ್ನ ಜೊತೆ ಯಾರೂ ಕೇರಂ ಆಡಲಿಲ್ಲ. ವಾಂಜಿಕು ಕೂಡ ಆರು ವಾರ ನನ್ನ ಕೂದಲು ಮುಟ್ಟಲಿಲ್ಲ. ಚರ್ಚಿಗೆ ಕಾಗೆಗೂಡಿನ ಹಾಗೆ ಹೋಗಿದ್ದೇನೆ."

ಯಾರೋ ನಕ್ಕರು. ಆಮೇಲೆ ಲೂರ್ಡಿಸ್ ಕೇಳಿದಳು: "ನೀನು ಒಂದು ಹಾಕಿದೆ, ಸರಿ. ನಾವು ಹದಿಮೂರು ಮಂದಿ ಯಾಕೆ ಎಂದು ಕೇಳಲೇ ಇಲ್ಲವಲ್ಲ. ಅದಕ್ಕೆ ಏನು ಹೇಳುವುದು?"

ರಿಬ್ಬನ್ನು ಬಿಚ್ಚಿ ಮೇಜಿನ ಮೇಲಿಡಲು ರೇಣುಕಾ ಕೈ ಎತ್ತಿದಳು. "ಅದನ್ನು ಮುಟ್ಟಬೇಡ" ಎಂದರು ಮಿಸ್ ಎಸ್ಮೆರಾಲ್ದಾ. "ಮೊದಲು ಬೀಜ ಹಾಕು."

ನಾನು ಎಂದಿನಂತೆ ಗಡಿಗೆಯ ಬಾಯಿಗೆ ಬಟ್ಟೆ ಮುಚ್ಚಿದೆ. ಇವೆಟ್ ಬಂದು ಬಟ್ಟೆ ತೆಗೆದು ಪಕ್ಕಕ್ಕೆ ಇಟ್ಟಳು, ಅಂಗೈ ಬಿಚ್ಚಿ ಎಲ್ಲರಿಗೂ ತೋರಿಸಿ ಗೇರುಬೀಜ ಹಾಕಿದಳು. "ಇನ್ನೊಂದು ವರ್ಷ ಕೇರಂ ಇಲ್ಲದೆ ಇರಲಾರೆ" ಎಂದಳು. ಉಳಿದವರೂ ಹಾಗೆಯೇ ಮಾಡಿದರು. ತೋರಿಸಲೇಬೇಕು ಎಂದು ಯಾರೂ ಹೇಳಲಿಲ್ಲ. ಸುತ್ತು ಬರುತ್ತಿದ್ದಂತೆ ನಾನು ಒಂದೊಂದು ಅಂಗೈಯನ್ನೂ ನೋಡುತ್ತಿದ್ದೆ. ಯಾರಾದರೊಬ್ಬಳು ಮುಷ್ಟಿ ಬಿಚ್ಚದೆ ಹಾಕಿದರೆ ಮುಗಿಯಿತು. ಹನ್ನೆರಡನೆಯವಳು ರೇಣುಕಾ. ಮಗುಚಿ ಎಣಿಸಿದೆ, ಎರಡು ಸಲ. ಹನ್ನೆರಡು ಗೇರು.

ಬಾಗಿಲು ತೆಗೆದು ವಾಂಜಿಕುವನ್ನು ಕರೆದೆ. ರೇಣುಕಾ ಅವಳ ಮುಂದೆ ನಿಂತು, "ಹೋದ ವರ್ಷ ಹಾಕಿದಾಕಿ ನಾನ" ಎಂದಳು. ವಾಂಜಿಕು ಕ್ಷಮಿಸಿದೆ ಎನ್ನಲಿಲ್ಲ. ಲೂರ್ಡಿಸ್ ರಿಬ್ಬನ್ನು ಕಟ್ಟುವಾಗ ತಲೆ ತಗ್ಗಿಸಿದಳು, ಮೇಜಿನ ತುದಿಯ ಖುರ್ಚಿಗೆ ಹೋಗಿ ಕುಳಿತಳು. ಹೋದ ವರ್ಷ ರೇಣುಕಾ ಕುಳಿತಿದ್ದ ಖುರ್ಚಿ ಅದು.

ಮುಂದಿನ ಹೆಸರು ಝರೀನಾ. ಗಡಿಗೆ ಸುತ್ತಿ ವಾಂಜಿಕುವಿನ ಮುಂದೆ ಬಂತು. ಅವಳು ಎರಡು ಬೀಜಗಳನ್ನೂ ಅಂಗೈಯಲ್ಲಿ ಇಟ್ಟುಕೊಂಡು ಕೇಳಿದಳು: "ಈ ಹುಡುಗಿ ರಜೆಯಲ್ಲಿ ಎಲ್ಲಿರುತ್ತಾಳೆ?"

ಯಾರಿಗೂ ಗೊತ್ತಿರಲಿಲ್ಲ. ಅದು ಕೇಳಬೇಕಾದ ಪ್ರಶ್ನೆ ಎಂದು ಅಷ್ಟು ವರ್ಷ ನಮಗೆ ಹೊಳೆದಿರಲಿಲ್ಲ. ನಾನು ಹೊರಗೆ ಹೋಗಿ ಕೇಳಿಬಂದೆ. ಕಟ್ಟಡದ ಕೆಲಸ ಎಲ್ಲಿ ನಡೆಯುತ್ತದೋ ಅಲ್ಲಿ, ತಗಡಿನ ಜೋಪಡಿಯಲ್ಲಿ, ಅಪ್ಪ ಅಮ್ಮನ ಜೊತೆ. ವಾಂಜಿಕು ಗೇರುಬೀಜ ಹಾಕಿದಳು. ಝರೀನಾಳೂ ಒಳಗೆ ಬಂದಳು. ಅಂದಿನಿಂದ ಪ್ರತಿ ಹೆಸರಿನ ಮುಂದೆಯೂ ಆ ಪ್ರಶ್ನೆಗೆ ಉತ್ತರ ಬರೆದ ಮೇಲೆಯೇ ಗಡಿಗೆ ಸುತ್ತುವುದು ಎಂದು ನಾನು ದಾಖಲೆಯಲ್ಲಿ ಒಂದು ಕಾಲಂ ಎಳೆದೆ. ೧೯೯೭ರಲ್ಲಿ ನಾನು ಕೆಲಸ ಬಿಟ್ಟಾಗ ಗಡಿಗೆ ಇತ್ತು, ಹುಣಸೆಬೀಜದ ತಟ್ಟೆಯೂ ಇತ್ತು. ಆ ಒಂಬತ್ತು ವರ್ಷ ಅದರಿಂದ ಗಡಿಗೆಗೆ ಒಂದು ಬೀಜವೂ ಬೀಳಲಿಲ್ಲ. ಈ ನೌಕರಿಯಲ್ಲಿ ನಾನು ಹೆಮ್ಮೆಯಿಂದ ಎಣಿಸುವ ಲೆಕ್ಕ ಇದೊಂದೇ.

ಆರೂವರೆಗೆ ಸಭೆ ಮುಗಿಯಿತು. ಮರುದಿನ ಭಾನುವಾರ, ಗಂಗವ್ವ ಬಂದರೆ ಮುಂದಿನ ವರಾಂಡದಲ್ಲಿ ಕೂರಿಸಬೇಕೆಂದು ಗೇಟಿನವನಿಗೆ ಹೇಳಿಬಂದೆ. ಕಚೇರಿಗೆ ಮರಳಿದರೆ ವಾಂಜಿಕು ನಿಂತಿದ್ದಳು. ಅರ್ಜಿಯನ್ನು ತೆಗೆದು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಪುಸ್ತಕದೊಳಗೆ ಇಟ್ಟುಕೊಂಡಳು. ಹೋಗಲಿಲ್ಲ.

"ದೀಪಾವಳಿಯ ಕೀಲಿಕೈಗೆ ಇವತ್ತೇ ಸಹಿ ಹಾಕಬಹುದಾ ಮೇಡಂ?"

ದಿನಾಂಕಕ್ಕಿಂತ ಮೊದಲು ನಾನು ಯಾವ ಪುಸ್ತಕದಲ್ಲೂ ಯಾರ ಸಹಿಯನ್ನೂ ತೆಗೆದುಕೊಂಡವಳಲ್ಲ. ಕೀಲಿಕೈ ದಾಖಲೆ ತೆಗೆದು ಅವಳ ಮುಂದೆ ಇಟ್ಟೆ. ಒಂದನೆಯ ಬೀಗದ ಎದುರು ಅವಳು ಸಹಿ ಹಾಕಿದಳು. ಎರಡನೆಯ ಬೀಗದ ಎದುರಿನ ಜಾಗ ಖಾಲಿ. ಬಾಗಿಲಲ್ಲಿ ರೇಣುಕಾ ನಿಂತಿದ್ದಳು. ಒಳಗೆ ಬರಬೇಕೋ ಬೇಡವೋ ಎಂದು ಗೊತ್ತಾಗದೆ ಹೊಸ್ತಿಲ ಆಚೆಯೇ ಇದ್ದಳು. ವಾಂಜಿಕು ಪೆನ್ನನ್ನು ಅವಳ ಕಡೆಗೆ ಚಾಚಿದಳು.

"ಬಾ, ಸಹಿ ಮಾಡು" ಎಂದಳು, ಕಾಶವ್ವನ ಕನ್ನಡದಲ್ಲಿ. "ಆದ್ರ ಕಿಸೆದಾಗ ಬೀಜ ಇಟ್ಕೊಂಡು ಬಂದ್ರ ನನ್ನ ಬೀಗಾ ತೆಗಿಯಂಗಿಲ್ಲ ನೋಡು."

ರೇಣುಕಾ ಸಹಿ ಮಾಡಿದಳು. ನಾನು ದಿನಾಂಕ ಬರೆದೆ, ಶಾಯಿ ಒಣಗಿಸಿದೆ, ಪುಸ್ತಕವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಗಡಿಯಾರ ನೋಡಿದೆ, ಏಳೂವರೆ. ಹೋಗಿ ಊಟದ ಗಂಟೆ ಹೊಡೆದೆ.